ಕೈಯೋ, ಕಣ್ಣೋ

ಮಾರ್ಚ್ ೩ಕ್ಕೆ ಶುರು ಮಾಡಿ ೧೨ಕ್ಕೆ ಮುಗಿಸಿದ್ದು

ನನ್ನ ವಾಚಾಳಿ ಮಗಳಿಗೆ, ಅಮ್ಮನ ಪ್ರೀತಿ.

ಹೇಗಿದ್ದೀಯ? ಎರಡು ತಿಂಗಳಿಂದ ನೀನು ವಿಡಿಯೊ ಕರೆ ಮಾಡಿದಾಗಲೆಲ್ಲ ಕ್ಯಾಮೆರಾ ಕೆಟ್ಟಿದೆ ಎಂದು ಸಂದೇಶ ಕಳಿಸಿದೆನಲ್ಲ, ಅದು ಸುಳ್ಳು. ಮೊದಲು ಬೈದುಬಿಡು. "ಅಮ್ಮಾ, ನನ್ನ ಮೇಲೆ ಕೋಪವಾ?" ಎಂದು ನೀನು ಬರೆದು ಕೇಳಿದೆ. ಕೋಪ ಎಲ್ಲಿಯದೇ ಹುಚ್ಚಿ, ನನ್ನ ಕೈಗಳೇ ಮೂಕವಾಗಿವೆ. ಸಂಧಿವಾತವಂತೆ. ಪೆನ್ನಿಗೆ ಬಟ್ಟೆ ಸುತ್ತಿಕೊಂಡು ದಿನಕ್ಕೆ ನಾಲ್ಕು ಸಾಲು ಬರೆಯುತ್ತಿದ್ದೇನೆ.

ಹೊಲಿಗೆ ಅಂಗಡಿಯಲ್ಲಿ ಕಾಜಾ ಹಾಕುವ ಕೆಲಸ ಬಿಟ್ಟಾಯಿತು. ಈಗ ಗಿರಾಕಿಗಳ ಅಳತೆ ಓದಿ ಹೇಳುವುದಷ್ಟೇ ನನ್ನ ಪಾಲಿಗೆ. "ಕೈ ಹೋದ್ರೇನು, ನಿಮ್ಮ ಬಾಯಿ ಇನ್ನೂ ಕತ್ತರಿ ಥರಾನೇ ಇದೆ" ಎಂದು ಅಂಗಡಿಯಾಕೆ ನಗಿಸಿದರು. ಆ ಬಾಯಿ ಇದ್ದು ನಿನಗೇನು ಪ್ರಯೋಜನ? ಕಿವಿ ಕೇಳದ ಮಗಳ ಹತ್ತಿರ ಇಪ್ಪತ್ತು ವರ್ಷ ಈ ಬೆರಳುಗಳಲ್ಲೇ ಮಾತಾಡಿದವಳು ನಾನು.

ಡಿಸೆಂಬರಿನಲ್ಲಿ ದಿನಾ ಕರೆ ಮಾಡಿ ನಿನ್ನ ತಲೆ ತಿಂದೆನಲ್ಲ, ಅದು ಸ್ಟೆರಾಯ್ಡ್ ಮಾತ್ರೆಯ ಮಹಿಮೆ. ನುಂಗಿದ ಮೂರನೇ ಬೆಳಿಗ್ಗೆಯೇ ಬೆರಳು ಬಿಚ್ಚಿಕೊಂಡವು. ಅಯ್ಯೋ, ಆ ಸಂತೋಷ! ಮುಖ ಊದಿತು, ಸಕ್ಕರೆ ಏರಿತು, ಮೂಳೆ ಸವೆಯಬಹುದು ಎಂದರು. ಎಲ್ಲಕ್ಕೂ ಹೂಂ ಎಂದೆ. ಆದರೆ ನನಗೆ ಮೊದಲೇ ಗ್ಲಾಕೋಮಾ ಇತ್ತಲ್ಲ, ತಿಂಗಳೊಳಗೆ ಕಣ್ಣಿನ ಒತ್ತಡ ಸರ್ರನೆ ಏರಿತು. "ಕಣ್ಣಿನ ನರ ಹೋದ್ರೆ ಯಾವ ಮಾತ್ರೇನೂ ವಾಪಸ್ ತರಲ್ಲಮ್ಮ" ಎಂದು ಕಣ್ಣಿನ ಡಾಕ್ಟರು ರೇಗಿದರು. ಸ್ವಲ್ಪ ಸ್ವಲ್ಪವೇ ಇಳಿಸಿ ಮಾತ್ರೆ ನಿಲ್ಲಿಸಿದರು. ಬೆರಳು ಮತ್ತೆ ಮುಷ್ಟಿ ಕಟ್ಟಿದವು.

ಕೀಲಿನ ಡಾಕ್ಟರು ಹೋದ ವಾರ ಕೂರಿಸಿಕೊಂಡು ಹೇಳಿದರು. "ಈಗ ಕೊಟ್ಟಿರೋ ಬೇರೆ ಔಷಧಿ ಹಿಡಿಯೋಕೆ ತಿಂಗಳುಗಟ್ಟಲೆ ಬೇಕು. ಅಷ್ಟರಲ್ಲಿ ಬೆರಳು ಸೊಟ್ಟಗಾದ್ರೆ ಮತ್ತೆ ನೆಟ್ಟಗಾಗಲ್ಲ. ಕಣ್ಣಿಗೆ ಹನಿ ಹಾಕ್ಕೊಂಡು ಸ್ಟೆರಾಯ್ಡ್ ಮತ್ತೆ ಶುರು ಮಾಡಬಹುದು, ಆದ್ರೆ ಅಪಾಯ ಇದ್ದೇ ಇದೆ. ನೀವೇ ಯೋಚಿಸಿ."

ಕೈ ಹೋದರೆ ನಿನಗೆ ಏನನ್ನೂ ಹೇಳಲಾರೆ. ಕಣ್ಣು ಹೋದರೆ ನೀನು ಹೇಳಿದ್ದು ಒಂದೂ ತಿಳಿಯದು. ಅತ್ತ ದರಿ, ಇತ್ತ ಪುಲಿ. "ಕೈ ಬೇಕಾದ್ರೆ ನಂದು ತಗೋ, ಕಣ್ಣು ಎಲ್ಲಿಂದ ತರ್ಲಿ?" ಎಂದು ನಿಮ್ಮಪ್ಪ ಅತ್ತೇಬಿಟ್ಟರು. ಅವರ ಕೈಮಾತು ನಿನಗೆ ಗೊತ್ತಲ್ಲ, 'ಊಟ ಆಯ್ತಾ' ಅನ್ನಲು ಹೋಗಿ 'ಮನೆ ಬಿತ್ತಾ' ಅನ್ನುವ ಗಂಡಸು! ಪಾಪ, ನಾಲ್ಕು ದಿನದಿಂದ ಕನ್ನಡಿ ಮುಂದೆ ನಿಂತು ಕಲಿಯುತ್ತಿದ್ದಾರೆ.

ಸ್ಟೆರಾಯ್ಡ್ ಬೇಡವೆಂದು ನಾನು ಡಾಕ್ಟರಿಗೆ ಹೇಳಿ ಬಂದೆ. ಇಷ್ಟು ವರ್ಷ ನಾನು ಆಡಿದ್ದು ಸಾಕು. ಇನ್ನು ನೀನು ಹೇಳು, ನಾನು ನೋಡುತ್ತ ಕೂರುತ್ತೇನೆ. ಈ ಕಾಗದ ಸಿಕ್ಕಿದ ಸಂಜೆಯೇ ಕರೆ ಮಾಡು, ಎತ್ತುತ್ತೇನೆ.

ನೂರು ಕಾಲ ನಗುತ್ತ ಬಾಳು, ಕಂದಾ.

ನಿನ್ನ
ಅಮ್ಮ

ತಾ.ಕ.: ನಿನಗೆ ನಾಲ್ಕು ವರ್ಷವಾಗಿದ್ದಾಗ ಸ್ಕೂಲಿನ ಟೀಚರು, "ಕೈ ಆಡಿಸೋಕೆ ಬಿಟ್ರೆ ಇವಳಿಗೆ ಬಾಯಲ್ಲಿ ಮಾತು ಬರೋದೇ ಇಲ್ಲ" ಎಂದಿದ್ದರು. ಅದನ್ನು ನಂಬಿ ಒಂದು ವರ್ಷ ದಿನಾ ಸಂಜೆ ನಿನ್ನ ಎರಡೂ ಕೈಗಳನ್ನು ರಿಬ್ಬನ್ನಿನಿಂದ ಕುರ್ಚಿಗೆ ಕಟ್ಟಿ ತುಟಿಮಾತು ಕಲಿಸಲು ಹೆಣಗಿದೆ, ಅದು ನಿನಗೆ ಹತ್ತಲೇ ಇಲ್ಲ. ಒಂದು ಸಂಜೆ ನೀನು ಏನನ್ನೋ ಹೇಳಲು ಬಹಳ ಒದ್ದಾಡಿದೆ. ನಾನು ಬಿಚ್ಚಲಿಲ್ಲ. ನೀನು ಅಳು ನಿಲ್ಲಿಸಿ ಸುಮ್ಮನೆ ನನ್ನ ಮುಖ ನೋಡಿದೆ. ಅವತ್ತು ಏನು ಹೇಳಬೇಕಿತ್ತು ಮಗಳೇ? ಇಷ್ಟು ವರ್ಷ ಕೇಳಲು ಧೈರ್ಯ ಬರಲಿಲ್ಲ. ನೆನಪಿದ್ದರೆ, ನನಗೆ ಕಣ್ಣಿರುವಾಗಲೇ ಹೇಳು.