ಯಾರು ಮೊದಲು ಬರಬೇಕು

ಜಡಿಗೇನಹಳ್ಳಿಯ ವೆಂಕಟರಾಯಪ್ಪನವರಿಗೆ,

ದೊಡ್ಡಬಳ್ಳಾಪುರದಿಂದ ಚೌಡೇಶ್ವರಿಯ ನಮಸ್ಕಾರ. ನಿಮ್ಮ ಮಗ ಮನೋಹರ್ ಮದುವೆಯಾಗಬೇಕೆಂದಿರುವ ಮಗ್ಗದವರ ಮನೆ ಹುಡುಗಿ ನಾನೇ.

ಕಂಪ್ಯೂಟರಿನಲ್ಲಿ ಒಟ್ಟಿಗೆ ಓಡುವ ಪ್ರೋಗ್ರಾಂಗಳು ಒಂದಕ್ಕೊಂದು ಕಾಯುತ್ತ ನಿಂತುಬಿಡುವುದಿಲ್ಲವೆಂದು, ಓಡಿಸುವ ಮೊದಲೇ ತರ್ಕದಿಂದ ಸಾಧಿಸುವುದು ನನ್ನ ಕೆಲಸ. ಯಾರು ಮೊದಲು ಎಂಬ ನಿಯಮವನ್ನು ಟೈಪುಗಳಲ್ಲೇ, ಅಂದರೆ ಪ್ರೋಗ್ರಾಂನ ತುಣುಕುಗಳಿಗೆ ಅಂಟಿಸುವ ಗುರುತುಗಳಲ್ಲೇ, ಬರೆದಿಡುತ್ತೇವೆ. ಅದನ್ನು ಮೀರಿದ ಪ್ರೋಗ್ರಾಂ ಓಡುವುದೇ ಇಲ್ಲ.

ನಮ್ಮಪ್ಪ, "ಗಂಡಿನ ಕಡೆಯೋರು ಮೊದ್ಲು ಬರ್ಲಿ" ಅನ್ನುತ್ತಾರೆ. ನೀವು, "ಅವ್ರು ಬಂದು ಕೇಳ್ಲಿ, ಆಮೇಲ್ ನೋಡಣ" ಅನ್ನುತ್ತೀರಂತೆ. ಯುಗಾದಿಯಿಂದ ಹೀಗೇ ನಿಂತಿದ್ದೇವೆ. ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಈ ಕಾಗದದಲ್ಲೂ ಬರೆದದ್ದನ್ನೇ ಹೊಡೆದುಹಾಕಿ ಮತ್ತೆ ಬರೆಯುತ್ತಿದ್ದೇನೆ.

ಭಾನುವಾರ ಬೆಳಗಿನ ಬಸ್ಸಿಗೆ ನಾನೇ ಬರುತ್ತೇನೆ, ನಿಮ್ಮ ಮಗನನ್ನು ಕೇಳುವುದಕ್ಕೆ. ಮನೋಹರ್‌ಗೆ ಮಾತ್ರ ಹೇಳಬೇಡಿ, "ಇನ್ನೊಂಚೂರು ಕಾಯೋಣ" ಅಂತಾನೆ. ದಯವಿಟ್ಟು ನಿಮ್ಮ ಮನೆ ನಾಯಿಯನ್ನು ಕಟ್ಟಿಹಾಕಿಸಿ.

ಮೊದಲು ಬರುತ್ತಿರುವ,
ಚೌಡೇಶ್ವರಿ