ಅಕ್ಕ ಹೂವು ಬರೆದಿಟ್ಟ ಚೀಟಿಗಳು

ಮಾರ್ಚ್ 3, ಮಂಗಳವಾರ

ಬೆಳಿಗ್ಗೆಯಿಂದ ಹನ್ನೊಂದು ಕಟ್ಟುಹಲ್ಲು ತಿದ್ದಿದೆ. ಒಂದು ಸೆಟ್ ವಾಪಸ್ ಬಂತು — ಕಚ್ಚಿದರೆ ನೋವಂತೆ. ಹಲ್ಲಿನ ಲ್ಯಾಬ್ ತುಂಬ ಪುಡಿ, ಮೂಗಿನೊಳಗೂ.

ಊಟಕ್ಕೆ ಅಕ್ಕ ಹೋಗುತ್ತಿದ್ದ ಪುಟ್ಟ ರಾಮೆನ್ ಅಂಗಡಿಗೆ ಹೋದೆ, ಜಪಾನಿ ನೂಡಲ್ಸ್ ಸಾರಿನದು. ಅಕ್ಕನ ಬ್ಯಾಗಿನಲ್ಲಿ ಅಲ್ಲಿನ ಆರ್ಡರ್ ಚೀಟಿಗಳು ಸಿಕ್ಕಿದ್ದವು. ಅಕ್ಕ ತೀರಿಕೊಂಡು ಮೂರು ತಿಂಗಳು. ಬ್ಯಾಗ್ ತೆಗೆಯುವ ಧೈರ್ಯ ಬಂದದ್ದು ಮೊನ್ನೆ.

ಎಂಟೇ ಸ್ಟೂಲು. ಎದುರಿಗೆ ಬಿದಿರಿನ ಪರದೆ. ನೂಡಲ್ಸ್ ಎಷ್ಟು ಬೇಯಬೇಕು, ಬೆಳ್ಳುಳ್ಳಿ ಬೇಕೋ ಬೇಡವೋ — ಚೀಟಿಯಲ್ಲಿ ಟಿಕ್ ಹಾಕಿ ಪರದೆ ಕೆಳಗೆ ತಳ್ಳಬೇಕು. ಅಡುಗೆಯವರಿಗೆ ಕಾಣೋದು ಚೀಟಿ ಮಾತ್ರ, ಮುಖವಲ್ಲ. ನಮಗೆ ಕಾಣೋದು ಅವರ ಕೈ. ಅಕ್ಕ ಆತುರಗೇಡಿ, ಚೀಟಿಗಳನ್ನು ಮನೆಗೆ ಒಯ್ದು ಮೊದಲೇ ತುಂಬಿಡುತ್ತಿದ್ದಳು. ಟಿಕ್ ಬದಲು ಪುಟ್ಟ ಹೂವು. ಅವಳು ತಿನ್ನುತ್ತಿದ್ದುದನ್ನೇ ತಿನ್ನೋಣ ಅಂತ ಅದರಲ್ಲೊಂದು ತಳ್ಳಿದೆ.

ಪರದೆಯಾಚೆ ವಯಸ್ಸಾದ ದನಿ. "ಓಹೋ, ಹೂವಿನಮ್ಮ. ಎಷ್ಟು ದಿನ ಆಯ್ತು ನೋಡಿ. ಹುಷಾರಾಗಿದ್ದೀರಾ?"

"ಹ್ಞೂಂ, ಚೆನ್ನಾಗಿದ್ದೀನಿ" ಅಂದೆ. ಯಾಕೆ ಅಂದೆನೋ. ನಮ್ಮಿಬ್ಬರ ದನಿ ಒಂದೇ. ಫೋನಿನಲ್ಲಿ ಅಮ್ಮನೇ ಏಮಾರುತ್ತಿದ್ದಳು.

ಮಾರ್ಚ್ 4

ಮತ್ತೆ ಹೋದೆ. ಮಾನಗೆಟ್ಟವಳು. ಮತ್ತೊಂದು ಹೂವಿನ ಚೀಟಿ.

"ತಂಗಿ ಫೋನ್ ಎತ್ತಿದ್ರಾ?" ಅಂತ ಕೇಳಿದರು.

ಅಮ್ಮ ಹಾಸಿಗೆ ಹಿಡಿದಾಗ ಅಕ್ಕ ಬರಲಿಲ್ಲ ಅಂತ ಒಂದೂವರೆ ವರ್ಷ ಮಾತು ಬಿಟ್ಟಿದ್ದೆ. ಅವಳ ಫೋನ್ ಬಂದರೆ ಮೊಬೈಲ್ ಮಗುಚಿ ಇಡುತ್ತಿದ್ದೆ. ಸಾಯುವ ಹಿಂದಿನ ದಿನವೂ.

"ಎತ್ತಿದ್ಲು" ಅಂದೆ. ಸತ್ತವಳ ಬಾಯಲ್ಲಿ ಸುಳ್ಳು ಹೇಳಿಸಿದೆ.

"ನಾನು ಹೇಳ್ಲಿಲ್ವಾ? ಒಡಹುಟ್ಟಿದವ್ರ ಸಿಟ್ಟು ಎಷ್ಟು ದಿನ ಇರುತ್ತೆ? ನೀವೇ ಸುಮ್ನೆ ಅತ್ಕೊಂಡು ಸಾರು ಆರಿಸ್ತಿದ್ರಿ. ಒಂದಿನ ಕರ್ಕೊಂಡು ಬನ್ನಿ ಅವ್ರನ್ನ."

ಖುಷಿಗೆ ಒಂದು ಮೊಟ್ಟೆ ಜಾಸ್ತಿ ಹಾಕಿದ್ದರು. ತಿಂದೆ. ಪೂರ್ತಿ ತಿಂದೆ.

ಮಾರ್ಚ್ 12

ಆ ರಸ್ತೆ ತುಳಿದು ವಾರದ ಮೇಲಾಯಿತು. ಮನೆಯಲ್ಲಿ ಒಬ್ಬಳೇ ಗುನುಗಿಕೊಂಡರೂ ಅಕ್ಕನೇ ಕೇಳಿಸುತ್ತಾಳೆ. ಗುನುಗುವುದನ್ನೂ ಬಿಟ್ಟೆ. ನನ್ನ ಗಂಟಲಿಗೆ ನಾನೇ ಹೆದರುವ ಹಾಗಾಗಿದೆ.

ಒಂದೇ ಒಂದು ತಿಳಿಯಬೇಕು. ಅಕ್ಕನಿಗೆ ಕೊನೆಗೂ ನನ್ನ ಮೇಲೆ ಸಿಟ್ಟಿತ್ತಾ? ಗೊತ್ತಿರೋದು ಆ ಅಡುಗೆಯವರಿಗೆ ಮಾತ್ರ. ಆದರೆ ಅಕ್ಕನಾಗಿ ಕೂತು ಅಕ್ಕನ ಮನಸ್ಸಲ್ಲಿ ಏನಿತ್ತು ಅಂತ ಹೇಗೆ ಕೇಳೋದು? ನಾನೇ ತೋಡಿಕೊಂಡ ಗುಂಡಿ.

ಮಾರ್ಚ್ 13, ಮಧ್ಯಾಹ್ನ 2.40

ಲ್ಯಾಬ್‌ನ ಬಾತ್‌ರೂಮಿನಲ್ಲಿ ಕೂತು ಬರೆಯುತ್ತಿದ್ದೇನೆ.

ಹೊಸ ಚೀಟಿ ತಗೊಂಡೆ. ಟಿಕ್ ಹಾಕಿದೆ. ಬೆಳ್ಳುಳ್ಳಿ ಬೇಕು ಅಂದೆ — ಅಕ್ಕ ಮುಟ್ಟುತ್ತಿರಲಿಲ್ಲ.

"ನಾನು ಹೂವಿನಮ್ಮನ ತಂಗಿ" ಅಂದೆ.

ಆಚೆ ಸೌಟಿನ ಸದ್ದು ನಿಂತಿತು. "ಬಂದ್ರಾ ತಾಯಿ? ಅಕ್ಕ ಕರ್ಕೊಂಡು ಬಂದೇಬಿಟ್ರು, ದನಿಯೂ ಥೇಟ್ ಅವ್ರದ್ದೇ. ಸದ್ಯ. 'ತಪ್ಪು ನಂದೇ, ಅವಳ್ದೇನಿಲ್ಲ' ಅಂತ ಪ್ರತಿ ಸಲ ಹೇಳೋರು ನಿಮ್ಮಕ್ಕ. ಈಗ ಎಲ್ಲ ಸರಿ ಹೋಯ್ತಲ್ಲ, ಬಿಡಿ."

ಅಳು ಬಂತು. ಅಷ್ಟು ಸಾಕಿತ್ತು, ಎದ್ದು ಬಂದುಬಿಡಬಹುದಿತ್ತು.

ನನ್ನ ಬಟ್ಟಲು ಬಂತು. ಪಕ್ಕದ ಖಾಲಿ ಸ್ಟೂಲಿನ ಮುಂದೆಯೂ ಒಂದು ಬಂತು, ಬೆಳ್ಳುಳ್ಳಿ ಇಲ್ಲದ್ದು.

"ಅಕ್ಕ ಎಲ್ಲಿ, ಕೈ ತೊಳೆಯೋಕೆ ಹೋದ್ರಾ? ಬೇಗ ಕರೀರಿ, ಆರೋಗುತ್ತೆ."

"ಅಕ್ಕ…" ಅಂದೆ. ಪರದೆ ಕೆಳಗೆ ಅವರ ಕೈ ಹಾಗೇ ನಿಂತಿತ್ತು, ಉತ್ತರಕ್ಕೆ ಕಾಯುತ್ತಾ. ನಾನು "ಕರ್ಕೊಂಡು ಬರ್ತೀನಿ" ಅಂದು ಎದ್ದು ಇಲ್ಲಿಗೆ ಓಡಿ ಬಂದೆ; ಎರಡೂ ಬಟ್ಟಲು ಅಲ್ಲೇ ಆರುತ್ತಿವೆ.