ಡಾಕ್ಟರ್ ಕೇಳಿದ ಒಂದು ಪ್ರಶ್ನೆ

ಡಿಸೆಂಬರ್ 9, ಮಂಗಳವಾರ

ಮೂರನೇ ಸಲವೂ ಚಹಾಕ್ಕೆ ಸಕ್ಕರೆ ಜಾಸ್ತಿ! ಉಮೇಶ ಕುಡಿದು "ಸೂಪರ್" ಎಂದ. ಸುಳ್ಳುಗಾರ. ಮುದ್ದು ಸುಳ್ಳುಗಾರ! ಮದುವೆಯಾಗಿ ಹದಿನೇಳು ದಿನ. ಘೋಡಗೇರಿಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಆದರೂ ಐ ಆಮ್ ಸೋ ಹ್ಯಾಪಿ. ಮೂಡಲಗಿಯ ತವರಿನಿಂದ ನನ್ನ ಜೊತೆ ಬಂದ ಬಿಸ್ಕಿಟ್ ಕೂಡ ಹ್ಯಾಪಿ. ಇಲ್ಲಿ ಯಾರೂ ಪಾಮೇರಿಯನ್ ನೋಡಿಲ್ಲ. ಅತ್ತೆ ನಕ್ಕರು: "ನಾಯಿ ಎಲ್ಲೈತಿ? ಬರೇ ಕೂದ್ಲ ಅದಾವಲ್ಲ!" ಮಾವ ಮಾತ್ರ ಅದನ್ನು ಕುರಿಮರಿಯಂತೆ ತೊಡೆಯ ಮೇಲೆ ಹಾಕಿಕೊಂಡು ಉಣ್ಣಿ ಆರಿಸುತ್ತಿದ್ದರು. ಸೋ ಸ್ವೀಟ್…

ಡಿಸೆಂಬರ್ 10, ಬೆಳಗ್ಗೆ 7

ಬಿಸ್ಕಿಟ್ ನಿಲ್ಲಲಾರದು. ಜೊಲ್ಲು ಸುರಿಯುತ್ತಿದೆ. ಗೋಡೆಗೆ ಹೋಗಿ ಬಡಿಯಿತು — ಕಣ್ಣು ಕಾಣದವರ ಹಾಗೆ. ಬೈಕ್ ತೆಗೆಯುವಾಗ ಮಾವ ಉಮೇಶನನ್ನು ಕುರಿ ಹಟ್ಟಿಯ ಹತ್ತಿರ ಕರೆದು ಏನೋ ಹೇಳಿದರು. ಗೋಕಾಕದ ಪಶು ಆಸ್ಪತ್ರೆಗೆ ಹೊರಟೆವು.

ಸಂಜೆ

ಡಾಕ್ಟರ್ ಉಮೇಶನ ಕ್ಲಾಸ್‌ಮೇಟ್. ಎರಡು ಸಲ ಕೇಳಿದರು: "ಮನ್ಯಾಗ ಏನರ ಔಷಧ ಹಾಕೀರೇನು? ಕುರಿಗೆ ಹಾಕೂದು ಏನರ?"

ಉಮೇಶ ನಕ್ಕ. "ಏ, ನಾ ಅರಭಾವಿ ಕಾಲೇಜಿನ್ಯಾಗ ನೌಕರಿ ಮಾಡಾಂವಪಾ. ಹಳೇ ಮಂದಿ ಹಂಗ ಮಾಡ್ತೀವೇನು? ಏನೂ ಹಾಕಿಲ್ಲ."

ನನಗೆ ಎಷ್ಟು ಹೆಮ್ಮೆ! ಉಣ್ಣಿ ಜ್ವರ ಇರಬಹುದು ಎಂದು ಸಲೈನ್, ಇಂಜೆಕ್ಷನ್ ಕೊಟ್ಟು ಕಳಿಸಿದರು.

ಡಿಸೆಂಬರ್ 11

ಹೋಯಿತು. ನನ್ನ ದುಪಟ್ಟಾದಲ್ಲೇ ಸುತ್ತಿ ಹೊಲದ ಬದುವಿನಲ್ಲಿ ಮಣ್ಣು ಮಾಡಿದರು.

ಡಿಸೆಂಬರ್ 20, ಶನಿವಾರ

ಮಾವ ತಾವಾಗಿ ಬಂದು ಕುಳಿತರು. ಕಂಬಳಿಯ ಅಂಚು ತಿರುವುತ್ತ ಹೇಳಿದರು:

"ತಪ್ಪಾತು ಯವ್ವಾ. ಉಣ್ಣಿ ಭಾಳ ಹತ್ತಿದ್ವು ಅಂತ ಕುರಿಗೆ ಹಾಕೂ ಸೂಜಿನ ಹಾಕ್ದೆ. ಕುರಿ ಅಳತೀಲೇ ಹಾಕ್ದೆ. ಆ ಕೂದ್ಲದ ಒಳಗ ಅಷ್ಟ ಸಣ್ಣ ಜೀವ ಇದ್ದೀತು ಅಂತ ನನಗ ತಿಳೀಲಿಲ್ಲ. ಅವತ್ತ ಮುಂಜಾನೆ ಉಮ್ಯಾಗ ಹೇಳಿದ್ನಲ್ಲ — ಡಾಕ್ಟರಗ ಖರೆ ಹೇಳು, ನನ್ನ ಹೆಸರ ಹೇಳಿದ್ರೂ ನಡೀತೈತಿ ಅಂತ. ಔಷಧದ ಶೀಸೇನೂ ಅವನ ಕಿಸೇದಾಗ ಇಟ್ಟಿದ್ದೆ."

ಉಮೇಶನ ಜಾಕೆಟ್ ತೆಗೆದು ನೋಡಿದೆ. ಶೀಸೆ ಅಲ್ಲೇ ಇದೆ. ಡಾಕ್ಟರ್ ಮುಂದೆ ಅವನು ನಕ್ಕಾಗಲೂ ಅಲ್ಲೇ ಇತ್ತು.

ಮಾಳಿಗೆ ಹತ್ತಿ ಡಾಕ್ಟರ್‌ಗೆ ಫೋನ್ ಮಾಡಿದೆ. "ಅವತ್ತ ಹೇಳಿದ್ರ ಇಲ್ಲೇ ಇಟ್ಕೊಂತಿದ್ನೆರಿ ಮೇಡಂ. ಉಳೀತಿತ್ತೇನೋ…"

ಹಳೇ ಮಂದಿ ಅಂತೆ! ಖರೆ ಹೇಳಿದವರು ಮಾವ ಒಬ್ಬರೇ.

ಸಂಜೆ 6

ಉಮೇಶ ಬಂದ. ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದಾನೆ. ಚಹಾ ಕೊಟ್ಟು ಬಂದೆ. ಒಂದು ಹರಳು ಸಕ್ಕರೆಯನ್ನೂ ಹಾಕಿಲ್ಲ. ಶೀಸೆ ಈ ಡೈರಿಯ ಪಕ್ಕದಲ್ಲಿದೆ. ಅವನು ಈ ಚಹಾದ ವಿಷಯವನ್ನಾದರೂ ಖರೆ ಹೇಳಲಿ, ದೇವರೇ.

ಗುಟುಕರಿಸಿದ. ಕಿಟಕಿಯತ್ತ ತಿರುಗಿ ನಕ್ಕ.

"ಸೂಪರ್!"

ಈಗ ಶೀಸೆಯನ್ನು ಒಯ್ದು ಅವನ ಕಪ್ಪಿನ ಪಕ್ಕದಲ್ಲಿ ಇಡುತ್ತೇನೆ.